ಎರಡು ಆಷಾಢ, ಎರಡು ದೇಶ

ನಮ್ಮ ಮೊಮ್ಮಗಳ ಮದುವೆಯಾದ ವರ್ಷ ಆಷಾಢ ಎರಡು ಬಂದಿತ್ತು. ಲಗ್ನ ಇಡಿಸುವಾಗ ಎಲ್ಲರ ಕಣ್ಣೂ ವೈಶಾಖದ ಮೇಲೆಯೇ. ಪಂಚಾಂಗದ ಮುಂದಿನ ಹಾಳೆ ತಿರುವಿ ನೋಡುವ ಪುರುಸೊತ್ತು ಯಾರಿಗಿತ್ತು? ಛತ್ರ ಸಿಕ್ಕಿತು, ಅಡುಗೆಯವರು ಸಿಕ್ಕಿದರು, ಗಂಡು ನಾಗಮಂಗಲದ ಕಡೆಯವನು, ಕೆ.ಆರ್. ಪೇಟೆಯಲ್ಲಿ ಟ್ರಾಕ್ಟರು ಮಾರುವ ಅಂಗಡಿ ಇಟ್ಟಿದ್ದಾನೆ, ಮಾತಾಡುವಾಗ ನೆಲ ನೋಡದೆ ಮುಖ ನೋಡಿ ಮಾತಾಡುತ್ತಾನೆ. ನನಗಂತೂ ಹಾಲು ಕುಡಿದಷ್ಟು ಸಂತೋಷವಾಗಿತ್ತು. ನನ್ನ ಕೈಯಲ್ಲೇ ಬೆಳೆದ ಕೂಸು ಅದು. ಧಾರೆಯ ದಿನ ಅಳಬೇಕೆಂದು ಎಷ್ಟು ಪ್ರಯತ್ನಪಟ್ಟರೂ ನಗುವೇ ಬರುತ್ತಿತ್ತು, ಏನು ಮಾಡಲಿ.

ಬೀಗರೂಟದ ದಿನ ಬಾಡೂಟ ಮುಗಿದು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಹೊಸ ಅಳಿಯ ಸುದ್ದಿ ತೆಗೆದ. ಅವನ ಟ್ರಾಕ್ಟರು ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುತ್ತಾರಂತೆ, ಗಂಡ ಹೆಂಡತಿ ಇಬ್ಬರನ್ನೂ. ಹೋಗುವುದು ಆಷಾಢದಲ್ಲಿ. ಆ ತಿಂಗಳು ಯಾರೂ ಟ್ರಾಕ್ಟರು ಕೊಳ್ಳುವುದಿಲ್ಲವಲ್ಲ, ಅಂಗಡಿಯಲ್ಲಿ ಕೂತು ನೊಣ ಹೊಡೆಯುವ ಬದಲು ದೇಶ ನೋಡಲಿ ಎಂದು. ಎರಡು ದೇಶಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ಬರ್ಮಾ, ಇಲ್ಲವೇ ಥಾಯ್ಲೆಂಡು. ಎರಡೂ ಒಂದರ ಪಕ್ಕ ಒಂದು, ನಮ್ಮ ಹೊಲ ಪಕ್ಕದವರ ಹೊಲ ಇದ್ದಂತೆ. ಎರಡು ಕಡೆಯೂ ಬುದ್ಧನ ಗುಡಿಗಳೇ. ಅವನ ಜಾಣತನ ಕೇಳಿ, ನಿಶ್ಚಿತಾರ್ಥವಾದ ವಾರದಲ್ಲೇ ಹುಡುಗಿಯ ಪಾಸ್‌ಪೋರ್ಟಿಗೂ ಅರ್ಜಿ ಹಾಕಿಸಿದ್ದನಂತೆ! ವಿಚಾರಣೆಗೆ ಪೊಲೀಸಿನವರು ಮನೆ ಬಾಗಿಲಿಗೆ ಬಂದಾಗ ಊರೆಲ್ಲ ಗಾಬರಿಬಿದ್ದದ್ದು ಅದಕ್ಕೇ ಎಂದು ಆಗ ಗೊತ್ತಾಯಿತು.

"ಯಾವ ದೇಶಕ್ಕೋಗನ, ನೀವೇ ಏಳಿ ಅಜ್ಜಿ," ಅಂದ.

ನನ್ನನ್ನು ಕೇಳಿದನಲ್ಲ, ನಾನು ಹಿಗ್ಗಿಹೋದೆ. ಆದರೆ ಬಾಯಿ ತೆರೆಯುವ ಮೊದಲೇ ಅಲ್ಲಿದ್ದ ಗಂಡಸರೆಲ್ಲ "ಥಾಯ್ಲೆಂಡು, ಥಾಯ್ಲೆಂಡು" ಎಂದು ಕೂಗಿದರು. ಯಾಕೆ ಅಂತ ಕೇಳಿದರೆ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ನಾನು ಬರ್ಮಾ ಅಂದೆ. ನಮ್ಮ ಮನೆಯ ಮುಂಬಾಗಿಲೂ ಹೊಸಿಲೂ ಬರ್ಮಾ ತೇಗದ್ದು. ನಮ್ಮ ಮಾವನವರು ಪಾಂಡವಪುರದಿಂದ ಗಾಡಿಯಲ್ಲಿ ಹೇರಿಸಿಕೊಂಡು ಬಂದದ್ದು. ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಗಾದರೆ ಆ ಹೊಸಿಲು ತೊಳೆದು ಅರಿಶಿನ ಹಚ್ಚಿದ್ದೇನೆ. ಇಷ್ಟು ಗಟ್ಟಿ ಮರ ಬೆಳೆಯುವ ಮಣ್ಣು ಎಂಥದ್ದು, ಅದನ್ನು ಬೆಳೆಸಿದ ಜನ ಹೇಗಿದ್ದಾರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ.

ನಮ್ಮ ಯಜಮಾನರು ಎದ್ದು ಪಂಚೆ ಕೊಡವಿದರು. "ಸಂತೆಬಾಚಳ್ಳಿ ಸಂತೆಗೋಗಕ್ಕೇ ಬಸ್ಸಲ್ಲಿ ನಿಂಬೆಹಣ್ಣು ಮೂಸ್ಕಂಡು ಕೂತ್ಕತೀಯ, ಬರ್ಮಾ ಸುದ್ದಿ ನಿಂಗ್ಯಾಕಮ್ಮಿ?"

"ನಾನೇನು ಓಯ್ತಿದ್ದೀನಾ? ಓಗೋರ್ಗೆ ಏಳ್ತಾ ಇವ್ನಿ," ಅಂದೆ.

ಅಷ್ಟರಲ್ಲಿ ನಮ್ಮ ಬೀಗಿತಿ, ಹುಡುಗನ ತಾಯಿ, ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು ನಿಂತರು. "ಬರ್ಮಾನೂ ಬ್ಯಾಡ, ಇನ್ನೊಂದೂ ಬ್ಯಾಡ. ಆಷಾಡದಲ್ಲಿ ಒಸ ಸೊಸೆ ತವ್ರುಮನೇಲಿರ್ಬೇಕು. ಇದೇನು ನಾನು ಮಾಡಿದ್ದಾ? ಅತ್ತೆ ಸೊಸೆ ಒಂದೇ ವಸ್ಲು ದಾಟ್ಬಾರ್ದು, ಗಂಡ ಎಂಡ್ತಿ ಒಟ್ಟಿಗಿರ್ಬಾರ್ದು. ಇರೋದೇ ಅಂಗೆ."

ಅದೂ ಸುಳ್ಳಲ್ಲ. ನಾವೆಲ್ಲ ಹಾಗೆ ಇದ್ದು ಬಂದವರೇ. ಒಂದು ತಿಂಗಳು ತಾನೆ, ಹೇಗೋ ಕಳೆಯುತ್ತದೆ ಎನ್ನಬಹುದಿತ್ತು. ಆದರೆ ಆಮೇಲೆ ನಮ್ಮೂರ ಗುಡಿಯ ಅಯ್ಯನವರು ಪಂಚಾಂಗ ತೆಗೆದು, ಈ ವರ್ಷ ಮೊದಲು ಅಧಿಕ ಆಷಾಢ, ಅದರ ಹಿಂದೆಯೇ ನಿಜ ಆಷಾಢ ಎಂದುಬಿಟ್ಟರು. ಬೀಗಿತಿಗೆ ಸುದ್ದಿ ಮುಟ್ಟಿತು. "ಎರಡಾದ್ರೆ ಎರಡೂ ತವ್ರಲ್ಲೇ ಇರ್ಲಿ," ಎಂದು ಹೇಳಿಕಳಿಸಿದರು.

ಮದುವೆಯಾಗಿ ಒಂದು ತಿಂಗಳು ಒಟ್ಟಿಗಿರುವುದು, ಎರಡು ತಿಂಗಳು ಬೇರೆ ಇರುವುದು. ಮೇಲೆ ಹೊರದೇಶವೂ ಇಲ್ಲ. ಮೊಮ್ಮಗಳು ಕಂಪನಿಯವರು ಕೊಟ್ಟಿದ್ದ ಬಣ್ಣದ ಎರಡು ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿ, "ನೋಡಜ್ಜಿ, ಓಗಕಾಗ್ದೇ ಇದ್ರೂ ಚಿತ್ರನಾದ್ರೂ ನೋಡು," ಅಂದಳು.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಚಿತ್ರ ನೋಡುವುದಕ್ಕೆ ಕ್ಲಾಸು ಯಾಕೆ? ಥಾಯ್ಲೆಂಡಿನ ಪುಸ್ತಕದಲ್ಲಿ ಸಮುದ್ರ, ಆನೆ, ದೋಣಿಯಲ್ಲೇ ಬಾಳೆಹಣ್ಣು ಮಾರುವ ಹೆಂಗಸರು. ಸಂತೆಯೇ ನೀರಿನ ಮೇಲೆ ತೇಲುತ್ತಿತ್ತು! ದೋಣಿ ದೋಣಿಗೆ ತಾಗಿದರೆ ಜಗಳ ಆಡುತ್ತಾರೋ, ಕೊಸರು ಕೇಳಿದರೆ ಕೊಡುತ್ತಾರೋ ಎಂದು ಯೋಚಿಸಿದೆ. ಬರ್ಮಾದ ಪುಸ್ತಕದಲ್ಲಿ ಚಿನ್ನದ ಬಣ್ಣದ ಗೋಪುರ, ಗಂಟೆಯನ್ನು ಬೋರಲು ಹಾಕಿದ ಹಾಗೆ. ಮತ್ತೊಂದು ಹಾಳೆಯಲ್ಲಿ ಒಬ್ಬ ಬೆಸ್ತ ದೋಣಿಯ ತುದಿಯಲ್ಲಿ ಒಂಟಿಕಾಲಲ್ಲಿ ನಿಂತಿದ್ದಾನೆ, ಇನ್ನೊಂದು ಕಾಲಲ್ಲಿ ಹುಟ್ಟು ಹಾಕುತ್ತಿದ್ದಾನೆ! ಹೇಮಗಿರಿಯ ಹೊಳೆಯಲ್ಲಿ ಹರಿಗೋಲು ನಡೆಸುವವರನ್ನು ನಾನು ಕಂಡಿದ್ದೇನೆ, ಎರಡು ಕೈಯೂ ಸಾಲದು ಎಂದು ಬೈದುಕೊಳ್ಳುತ್ತಾರೆ. ಇವನು ಕಾಲಲ್ಲಿ ಹೇಗೆ ಮಾಡುತ್ತಾನೆ? ಬೀಳುವುದಿಲ್ಲವೇ? ಆ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದೆ.

ನೋಡುತ್ತಾ ನೋಡುತ್ತಾ ಒಂದು ಪ್ರಶ್ನೆ ಹುಟ್ಟಿತು. ಈ ಜನಕ್ಕೆ ಆಷಾಢ ಇದೆಯೋ ಇಲ್ಲವೋ? ಇಲ್ಲದ ದೇಶ ಯಾವುದೋ ಅದನ್ನು ಆರಿಸಿದರೆ ಆಯಿತಲ್ಲ! ಆಷಾಢವೇ ಇಲ್ಲದ ಕಡೆ ಗಂಡ ಹೆಂಡತಿ ಒಟ್ಟಿಗಿದ್ದರೆ ದೋಷ ಎಲ್ಲಿಂದ ಬರುತ್ತದೆ?

ಅಳಿಯನನ್ನು ಕೇಳಿದರೆ, "ಅಜ್ಜಿ, ಅಲ್ಲಿ ಓಟ್ಲು ಚೆನ್ನಾಗವೆ ಅಂತ ಗೊತ್ತು, ಆಷಾಡ ಗೊತ್ತಿಲ್ಲ," ಅಂದ. ಆದರೆ ಇನ್ನೊಂದು ಸಂಗತಿ ಹೇಳಿದ. ಬರ್ಮಾಕ್ಕೆ ಹೋಗುವ ಗುಂಪು ಮೊದಲು ಹೊರಡುತ್ತದೆ, ಥಾಯ್ಲೆಂಡಿನ ಗುಂಪು ಅದಾದ ಮುಂದಿನ ತಿಂಗಳು.

ನಾನು ಮಾರನೆಯ ದಿನವೇ ನಿಂಬೆಹಣ್ಣು ಹಿಡಿದುಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಬಾಗಿಲ ಮರ ಕೊಟ್ಟವರ ಮನೆತನದ ಸಾಮಿಲ್ಲು ಇನ್ನೂ ಇತ್ತು. ಅದರ ಹಿರಿಯ ಸಾಬರು ಚಿಕ್ಕಂದಿನಲ್ಲಿ ತಂದೆಯ ಜೊತೆ ರಂಗೂನಿನಲ್ಲಿ ಇದ್ದು ಬಂದವರು ಎಂದು ಕೇಳಿದ್ದೆ. ಮರದ ಹೊಟ್ಟಿನ ರಾಶಿಯ ಪಕ್ಕ ಕುರ್ಚಿ ಹಾಕಿಸಿ ಕೂರಿಸಿದರು. ನಾನು ಕೂತವಳೇ ಕೇಳಿದೆ:

"ಸಾಬ್ರೆ, ಬರ್ಮಾದಲ್ಲಿ ಆಷಾಡ ಐತಾ?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾ ಅಲ್ಲಾ! ಇಷ್ಟು ವರ್ಷದಲ್ಲಿ ಎಲ್ರೂ ಬಂದು ತೇಗದ ರೇಟು ಕೇಳವ್ರೆ. ಆಷಾಡ ಕೇಳಿದ್ದು ನೀವೊಬ್ರೇ ಕಣಕ್ಕ."

ಆಮೇಲೆ ಅವರಿಗೂ ಹುರುಪು ಬಂತು. ಅಲ್ಲಿ ಗಂಡಸರೂ ಲುಂಗಿ, ಹೆಂಗಸರೂ ಲುಂಗಿ. ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವವರು ಹೆಚ್ಚಾಗಿ ಹೆಂಗಸರೇ. ಒಂದು ಮರದ ತೊಗಟೆಯನ್ನು ನಾವು ಗಂಧ ತೇಯುವ ಹಾಗೆ ಕಲ್ಲಿನ ಮೇಲೆ ತೇಯ್ದು ಕೆನ್ನೆಗೆ ಬಳಿದುಕೊಳ್ಳುತ್ತಾರೆ, ಮುದುಕಿಯರೂ ಕೂಡ. ಗದ್ದೆ ಉಳುವುದಕ್ಕೆ ಎಮ್ಮೆ ಕಟ್ಟುತ್ತಾರೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ, ಬಂದ ಕೆಲಸವೇ ಮರೆತುಹೋಗುವುದರಲ್ಲಿತ್ತು.

"ಆಷಾಡ?" ಅಂದೆ ಮತ್ತೆ.

"ಅದೂ ಐತೆ ಅಕ್ಕ. ಮಳೆಗಾಲದ ಮೂರು ತಿಂಗ್ಳು ಅವ್ರ ಸನ್ಯಾಸಿಗಳು ಮಠ ಬುಟ್ಟು ಕದಲಲ್ಲ. ಶಾದಿನೂ ಮಾಡಲ್ಲ."

"ಮೂರು ತಿಂಗ್ಳಾ! ನಮಗಿಂತ ಕಷ್ಟ ಆಯ್ತಲ್ಲ. ಥಾಯ್ಲೆಂಡಲ್ಲಿ?"

"ಗಡಿ ಆಚೆ ಅಷ್ಟೇ. ಅಲ್ಲೂ ಇದೇ ಅಂತ ನಮ್ಮಪ್ಪ ಏಳ್ತಿದ್ರು."

ಎರಡು ದೇಶವೂ ಕೈಬಿಟ್ಟವು. ಹೊರಡೋಣ ಎಂದು ಸೆರಗು ಕೊಡವಿದೆ. ಏಳುತ್ತಾ ಸುಮ್ಮನೆ ನಿಟ್ಟುಸಿರಿಟ್ಟು, ನಮಗೆ ಈ ವರ್ಷ ಆಷಾಢ ಬೇರೆ ಎರಡು ಬಂದು ಕೂತಿದೆ ಎಂದೆ. ಸಾಬರು ತಟ್ಟನೆ ಕೈ ಎತ್ತಿದರು.

"ಕೂತ್ಕಳಿ ಅಕ್ಕ. ಎರಡು ಬತ್ತದೆ ಅಂದ್ರಾ? ಅವ್ರಿಗೂ ಅಂಗೇ ಬತ್ತಿತ್ತು. ವರ್ಷದಲ್ಲಿ ಒಂದು ತಿಂಗ್ಳು ಎಚ್ಚಾದ್ರೆ ಅವ್ರು ಇದೇ ತಿಂಗ್ಳನ್ನೇ ಎರಡು ಮಾಡೋದು. ನಮ್ಮ ಮುಸಲ್ಮಾನ್ರ ಕ್ಯಾಲೆಂಡರಲ್ಲಿ ಎಚ್ಚಿನ ತಿಂಗ್ಳು ಅನ್ನೋದೇ ಇಲ್ಲ ನೋಡಿ, ನಂಗದು ತಮಾಷೆ ಅನ್ಸಿ ನೆನಪಲ್ಲೈತೆ. ಮೊದಲ್ನೇದು ಲೆಕ್ಕಕ್ಕಿಲ್ಲ. ಶಾದಿ ಮಾಡ್ಬಾರ್ದು ಅನ್ನೋ ಕಟ್ಟು ಎರಡನೇದ್ರ ಹುಣ್ಣಿಮೆ ಆದ್ಮೇಲೇ. ನಮ್ಮ ಪಕ್ಕದ ಮನೆ ಹುಡ್ಗೀದು ಶಾದಿ ಆಗಿದ್ದು ಆ ಮೊದಲ್ನೇ ತಿಂಗ್ಳಲ್ಲೇ. ನನಗೆ ಎಳನೀರಿನ ಪಾಯ್ಸ ಕೊಟ್ಟಿದ್ರು."

ನಾನು ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ಎಲ್ಲಿಯ ರಂಗೂನು, ಎಲ್ಲಿಯ ನಮ್ಮ ಕಿಕ್ಕೇರಿ! ಒಂದೇ ಚಂದ್ರ ನೋಡಿಕೊಂಡು ಅವರೂ ಲೆಕ್ಕ ಹಾಕಿದ್ದಾರೆ, ನಾವೂ ಹಾಕಿದ್ದೇವೆ. ಮೊದಲ ಆಷಾಢ ಲೆಕ್ಕಕ್ಕಿಲ್ಲ. ಆ ತಿಂಗಳಲ್ಲೇ ಹೊರಡುವುದು ಬರ್ಮಾದ ಗುಂಪು. ಬಸ್ಸಿನಲ್ಲಿ ಬರುವಾಗ ನಿಂಬೆಹಣ್ಣಿನ ನೆನಪೇ ಆಗಲಿಲ್ಲ.

ಇನ್ನು ಉಳಿದಿದ್ದು ಬೀಗಿತಿ. ಜ್ಯೇಷ್ಠ ಮುಗಿಯುವ ಮೊದಲೇ ನಾಗಮಂಗಲದ ಹಾದಿ ಹಿಡಿದೆ. ಅವರು ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ನಾನೂ ಒಂದು ಮೊರ ಎಳೆದುಕೊಂಡು ಎದುರಿಗೆ ಕೂತೆ. ಸಾಬರು ಹೇಳಿದ್ದನ್ನೆಲ್ಲ ಹೇಳಿದೆ.

"ಚೆನ್ನಾಗದೆ," ಅಂದರು ಬೀಗಿತಿ, ಮೊರ ನಿಲ್ಲಿಸದೆ. "ಬರ್ಮಾದೋರ ಮಾತು ಕೇಳ್ಕಂಡು ನಾಗಮಂಗ್ಲದಲ್ಲಿ ಸಂಸಾರ ಮಾಡಕಾಯ್ತದಾ?"

"ಅವ್ರ ಮಾತು ಬುಡಿ. ಅಧಿಕ ಅನ್ನೋದು ಯಾರ ತಿಂಗ್ಳು ಬೀಗ್ತಮ್ಮ? ಮೇಲ್ಬಿದ್ದ ತಿಂಗ್ಳು ಅದು. ಅದ್ಕೊಂದು ಅಬ್ಬ ಇಲ್ಲ, ಉಣ್ಮೆ ಇಲ್ಲ. ಅದನ್ನೂ ಆಷಾಡ ಅಂತ ಮಕ್ಕಳ ತಲೆ ಮೇಲೆ ಹೊರ್ಸಿದ್ರೆ ಎಂಗೆ?"

ಅವರು ಕೇರುತ್ತಲೇ ಇದ್ದರು. ಹೊಟ್ಟು ಹಾರುತ್ತಿತ್ತು. ನನಗೆ ಕೇಳಬೇಕೆನಿಸಿತು, ಕೇಳಿಯೇಬಿಟ್ಟೆ. "ನೀವು ಮದ್ವೆಯಾದ ವರ್ಷ ಆಷಾಡ ಎಂಗೆ ಕಳೆದ್ರಿ?"

ಬೀಗಿತಿ ಮೊರ ಕೆಳಗಿಟ್ಟರು. ತುಟಿ ಬಿಗಿಹಿಡಿದರು. ತಡೆಯಲಾಗದೆ ನಕ್ಕುಬಿಟ್ಟರು.

"ಅಯ್ಯೋ, ಅದ್ನ್ಯಾಕೆ ಕೇಳ್ತೀರಿ. ನಮ್ಮ ಹುಡ್ಗನ ಅಪ್ಪ ವಾರಕ್ಕೊಂದ್ಸಾರಿ ನಮ್ಮೂರಿಗೆ ಬರೋರು. 'ಎಮ್ಮೆ ಕಳ್ದೋಗದೆ, ಈ ಕಡೆ ಏನಾದ್ರೂ ಬಂತಾ' ಅಂತ. ನಮ್ಮವ್ವ ರಾಗಿಮುದ್ದೆ ಮಾಡಿ ಇಕ್ಕೋಳು. ಉಂಡು ಓಗೋರು. ಮುಂದಿನ್ವಾರ ಮತ್ತೆ ಎಮ್ಮೆ. ಇವ್ರ ಮನೇಲಿ ಇದ್ದಿದ್ದೇ ಒಂದೆಮ್ಮೆ, ಅದು ಕೊಟ್ಟಿಗೇಲೇ ಕಟ್ಟಿತ್ತು!"

ಇಬ್ಬರೂ ನಕ್ಕು ನಕ್ಕು ಹುರುಳಿ ಚೆಲ್ಲಿದೆವು. ಕಣ್ಣೊರೆಸಿಕೊಂಡು ಬೀಗಿತಿ, ತಮ್ಮೂರ ಅಯ್ಯನವರನ್ನು ಒಂದು ಮಾತು ಕೇಳುತ್ತೇನೆ ಅಂದರು. ಆ ಅಯ್ಯನವರೂ ಕಟ್ಟು ಇರುವುದು ನಿಜ ಆಷಾಢಕ್ಕೇ ಎಂದರಂತೆ. ಎರಡು ದಿನ ಬಿಟ್ಟು ಅಳಿಯನ ಕೈಲಿ ಹೇಳಿಕಳಿಸಿದರು: "ಮೊದಲ್ನೇದ್ರಲ್ಲಿ ಓಗಿ ಬರ್ಲಿ. ಎರಡನೇದ್ರಲ್ಲಿ ಮಾತ್ರ ನನ್ನ ವಸ್ಲು ತುಳೀಕೂಡ್ದು. ಇಮಾನ ಇಳ್ದೋಳು ನೆಟ್ಟಗೆ ಕಿಕ್ಕೇರಿ ದಾರಿ ಹಿಡೀಲಿ."

ಹೀಗೆ ಬರ್ಮಾ ಆಯಿತು. ಥಾಯ್ಲೆಂಡು ಅಂದಿದ್ದ ಗಂಡಸರೆಲ್ಲ ಮುಖ ಸಣ್ಣ ಮಾಡಿಕೊಂಡರು, ತಾವೇ ಹೋಗಬೇಕಾಗಿತ್ತು ಎಂಬಂತೆ. ನಾನು ಮೊಮ್ಮಗಳಿಗೆ ಹುರಿಗಡಲೆ ಉಂಡೆ, ಚಕ್ಕುಲಿ ಕಟ್ಟಿಕೊಟ್ಟು, ಏನೇನು ನೋಡಿಕೊಂಡು ಬರಬೇಕೆಂದು ಬಸ್ಸು ಹತ್ತಿಸಲು ಹೋಗುವ ದಾರಿಯುದ್ದಕ್ಕೂ ಹೇಳಿದೆ. ಎಮ್ಮೆಯ ಕೊಂಬು ಹೇಗಿದೆ ನೋಡು. ನೊಗ ನಮ್ಮದರ ಹಾಗೆಯೋ ಬೇರೆಯೋ ನೋಡು. ಕಾಲಲ್ಲಿ ಹುಟ್ಟು ಹಾಕುವವನನ್ನು ಹತ್ತಿರದಿಂದ ನೋಡು. ತೇಗದ ಮರ ಕಂಡರೆ ಒಂದು ಸಲ ಮುಟ್ಟು, ನಮ್ಮ ಹೊಸಿಲಿನ ನೆಂಟ ಅದು.

ನಿಜ ಆಷಾಢ ಹುಟ್ಟಿದ ಮೇಲೆ ಒಂದು ಮಧ್ಯಾಹ್ನ. ಮೊಮ್ಮಗಳು ಬರ್ಮಾದಿಂದ ಬಂದು ನಮ್ಮ ಮನೆ ಸೇರಿ ಆಗಲೇ ಕೆಲವು ದಿನವಾಗಿತ್ತು. ನಾಯಿ ಬೊಗಳಿತು ಎಂದು ಹೊರಗೆ ನೋಡಿದರೆ ಜಗುಲಿಯ ಮೇಲೆ ಬೀಗಿತಿ! ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು ಸೆರಗಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದಾರೆ.

"ಒಳಕ್ಕೆ ಬನ್ನಿ ಬೀಗ್ತಮ್ಮ," ಎಂದು ಬಾಯಿ ತಪ್ಪಿ ಕರೆದೆ.

"ಒಳಕ್ಕೆಲ್ಲಿ ಬರ್ಲಿ? ನಿಮ್ಮ ವಸ್ಲು ದಾಟಲ್ಲ. ಜಗ್ಲಿಗೆ ಏನೂ ಕಟ್ಟಿಲ್ಲ ತಾನೆ? ಅವ್ಳನ್ನ ಕರೀರಿ ಈಚೆಗೆ. ಮನೇಲಿ ನನ್ನ ಮಗ ಬಾಯಿ ಬುಡಲ್ಲ, ಕೇಳಿದ್ಕೆಲ್ಲ 'ಚೆನ್ನಾಗಿತ್ತು ಕಣವ್ವ' ಅಂತಾನೆ. ಅಲ್ಲಿ ಎಮ್ಮೆ ಎಂಗವೆ?"

ಮೊಮ್ಮಗಳು ತಂದದ್ದನ್ನೆಲ್ಲ ಜಗುಲಿಗೆ ಹೊತ್ತು ತಂದಳು. ಎಮ್ಮೆಯ ಕೊಂಬಿನಿಂದ ಶುರುವಾಗಿ ಅನ್ನದ ತನಕ ಬಂತು ಮಾತು. ಚಿನ್ನದ ಗೋಪುರದ ಸುತ್ತ ಬರಿಗಾಲಲ್ಲಿ ನಡೆದದ್ದು, ವಾರದಲ್ಲಿ ಹುಟ್ಟಿದ ದಿನಕ್ಕೆ ಒಂದೊಂದು ಮೂಲೆ, ಅಲ್ಲಿ ಬುದ್ಧನ ತಲೆಗೆ ಚೊಂಬಿನಲ್ಲಿ ನೀರು ಹಾಕಿದ್ದು. "ನಾನು ಹುಟ್ಟಿದ್ದು ಸ್ವಾಮಾರ," ಅಂದರು ಬೀಗಿತಿ. "ನನ್ನ ಮೂಲೇಗೂ ಹುಯ್ಯಬೇಕಿತ್ತು." "ಹುಯ್ದೆ ಅತ್ತೆ," ಅಂದಳು ಕೂಸು. ಬೀಗಿತಿ ಸೊಸೆಯ ಮಂಡಿಯ ಮೇಲೆ ಕೈ ಇಟ್ಟರು.

ಆಮೇಲೆ ಅವಳು ಒಂದು ಕೊರಡು, ಒಂದು ದುಂಡು ಕಲ್ಲು ತೆಗೆದಳು. ಸಾಬರು ಹೇಳಿದ್ದ ಮರವೇ! ನೀರು ಹನಿಸಿ ತೇಯ್ದಳು, ತಣ್ಣನೆಯ ವಾಸನೆ ಬಂತು. ಬೇಡ ಬೇಡ ಎನ್ನುತ್ತಲೇ ನಾವು ಮುಖ ಮುಂದೆ ಮಾಡಿದೆವು. ನಮ್ಮಿಬ್ಬರ ಕೆನ್ನೆಗೂ ಬಳಿದಳು. ಡೈರಿಗೆ ಹಾಲು ಹಾಕಲು ಹೊರಟಿದ್ದವರು ಕ್ಯಾನು ಇಳಿಸಿ ನಿಂತು ನೋಡಿದರು. ನಮ್ಮ ಯಜಮಾನರು ಬಾಗಿಲಿಗೆ ಬಂದವರು ಹಾಗೇ ಒಳಗೆ ಹೋದರು.

ಅಷ್ಟೊತ್ತಿಗೆ ಬೈಕಿನ ಸದ್ದು. ನಮ್ಮ ಅಳಿಯ! ಜಗುಲಿಯ ಮೇಲೆ ತಾಯಿಯನ್ನು ಕಂಡು ಅವನ ಕಾಲು ಬೈಕಿನ ಮೇಲೇ ಉಳಿಯಿತು.

"ಅದೂ... ಕಿಕ್ಕೇರೀಲಿ ಒಬ್ರು ಟ್ರಾಕ್ಟರ್ ನೋಡ್ಬೇಕು ಅಂದಿದ್ರು ಕಣವ್ವ. ಅಂಗೇ ಈ ಕಡೆ ಬಂದೆ."

ಬೀಗಿತಿ ಹಳದಿ ಕೆನ್ನೆ ಹೊತ್ತುಕೊಂಡು ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಆಷಾಡದಲ್ಲಿ ಟ್ರಾಕ್ಟರ್ ತಗೊಳೋ ಗಂಡು ಯಾರ್ಲಾ ಅದು? ಎಮ್ಮೆ ಕಳ್ದೋಯ್ತು ಅನ್ನು, ನಂಬ್ತೀನಿ."

ಅವನಿಗೆ ಅರ್ಥವಾಗಲಿಲ್ಲ. ನಾವಿಬ್ಬರು ನಗುವುದನ್ನು ನೋಡಿ ಅವನೂ ನಕ್ಕ. ಒಳಗೆ ಬರಬೇಡ ಎಂದು ಅವನಿಗೂ ಜಗುಲಿಯ ಆ ತುದಿಯಲ್ಲೇ ಜಾಗ ತೋರಿಸಿದೆವು, ಹೆಂಡತಿ ಈ ತುದಿಯಲ್ಲಿ, ನಡುವೆ ನಾವಿಬ್ಬರು ಬರ್ಮಾದ ಮುದುಕಿಯರು. ಮುದ್ದೆ ಅಲ್ಲಿಗೇ ತರಿಸಿದೆ. ಅವನು ಉಂಡು ಕೈ ತೊಳೆದ ಮೇಲೆ ನಾನು ಕಣಜದ ಪಕ್ಕ ಇದ್ದ ಉದ್ದನೆಯ ಕೋಲು ತಂದು ಕೈಗೆ ಕೊಟ್ಟೆ.

"ಕಾಲಲ್ಲಿ ಹುಟ್ಟು ಹಾಕೋದು ಎಂಗೆ ಅಂತ ಇವ್ಳು ಬಾಯಲ್ಲಿ ಏಳಿದ್ಲು, ನಂಗೆ ತಿಳೀಲಿಲ್ಲ. ನೀನು ನಿಂತ್ಕಂಡು ತೋರ್ಸು ಮಗ," ಅಂದೆ.

ಅವನು ಪ್ಯಾಂಟು ಮಡಚಿ, ಜಗುಲಿಯ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಕೋಲಿಗೆ ಸುತ್ತಿ, ಅಂಗಳದ ಗಾಳಿಯಲ್ಲಿ ಒಂದು ಸಲ, ಎರಡು ಸಲ ಎಳೆದ. ಮೂರನೆಯ ಸಲ ಧೊಪ್ಪನೆ ಕೆಳಗೆ ಬಿದ್ದ. ಅವನ ಹೆಂಡತಿ ಓಡಿಹೋಗಿ ಎತ್ತಿದಳು. ಎತ್ತಿದ ಕೈಯನ್ನು ಬೇಗ ಬಿಡಲಿಲ್ಲ. ಬೀಗಿತಿ ಆ ಹೊತ್ತಿಗೆ ಸರಿಯಾಗಿ ನಮ್ಮ ಮನೆಯ ಸೂರಿನ ಹೆಂಚನ್ನು ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು.