ಅತ್ತೆಯ ಬಾಯಲ್ಲಿ ಬಂದ ದನಿ

ಪವಾಡ, ಗಾಳಿ, ಸತ್ತವರ ಸುಳಿವು ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದೆ. ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ನನಗೆ ಅದೆಲ್ಲ ಕೆಲಸವಿಲ್ಲದವರ ಹರಟೆ ಎನಿಸುತ್ತಿತ್ತು. ಈಗಲೂ ಪೂರ್ತಿ ನಂಬುವವಳಲ್ಲ. ಆದರೂ ಯುದ್ಧಕಾಲದ ಒಂದು ಕ್ರಿಸ್‌ಮಸ್ಸಿನ ಸಂಜೆ ನನ್ನ ಮನೆಯಲ್ಲಿ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ.

ಆ ವರ್ಷದ ಮಳೆಗಾಲದಲ್ಲಿ ಹಿರೇಕೆರೂರಿನ ಕಡೆ ಕಾಲರಾ ಬಿದ್ದಿತ್ತು. ರೋಗಿಗಳ ಸೇವೆಗೆಂದು ನಮ್ಮ ಪಾದ್ರಿಗಳು ನಮ್ಮವರನ್ನು, ಅಂದರೆ ನನ್ನ ಗಂಡನನ್ನು, ಕಳಿಸಿದರು; ತಾವು ಹೋಗಲಿಲ್ಲ. ನಮ್ಮವರು ತಿರುಗಿ ಬರಲಿಲ್ಲ. ಒಂದು ಹಿಡಿ ಮಣ್ಣು ಹಾಕುವುದಕ್ಕೂ ನನಗೆ ಸಿಗಲಿಲ್ಲ, ಅಲ್ಲೇ ಹೂಳಿಬಿಟ್ಟಿದ್ದರು. ಮನೆಗೆ ಬಂದ ಪಾದ್ರಿಗಳು, ದೇವರು ಒಳ್ಳೆಯವರನ್ನು ಬೇಗ ಕರೆಸಿಕೊಳ್ಳುತ್ತಾನೆ ಎಂದು ಸಮಾಧಾನ ಹೇಳಿದರು.

“ಹಂಗಾದ್ರ ನೀವು ಭಾಳ ದಿನಾ ಬದುಕ್ತೀರಿ ಬಿಡ್ರಿ,” ಅಂದೆ.

ಅಂದಿನಿಂದ ನಾನು ಪ್ರಾರ್ಥನಾ ಮಂದಿರದ ಕಡೆ ಹೆಜ್ಜೆ ಹಾಕಲಿಲ್ಲ.

ಅತ್ತೆ ರಾಹೇಲವ್ವ ಮಗನ ಸುದ್ದಿ ಕೇಳಿದ ದಿನವೇ ಮಾತು ಬಿಟ್ಟರು. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಸವಣೂರಿನಿಂದ ಬಂದು ನಮ್ಮ ಪಕ್ಕದಲ್ಲಿ ಬಳೆ ಅಂಗಡಿ ಇಟ್ಟಿದ್ದ ಹುಸೇನಬಿ ದಿನಾ ಸಂಜೆ ಬಂದು ಅವರಿಗೆ ಗಂಜಿ ಕುಡಿಸುತ್ತಿದ್ದಳು. ನನಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ದೇವರ ಮೇಲೆ ಸಿಟ್ಟು, ಪಾದ್ರಿಯ ಮೇಲೆ ಸಿಟ್ಟು, ಕರೆದ ಕೂಡಲೇ ಹೊರಟುಬಿಟ್ಟ ಗಂಡನ ಮೇಲೂ ಸಿಟ್ಟು.

ಹಬ್ಬದ ದಿನ ದೀಪ ಹಚ್ಚುವ ಹೊತ್ತಿಗೆ ನಮ್ಮ ಸಭೆಯ ಹೆಂಗಸರು, ಮಕ್ಕಳು ಮನೆಮನೆಗೆ ಹಾಡುತ್ತ ಬಂದರು. ನಾನು ಬಾಗಿಲಿಗೆ ಚಿಲಕ ಹಾಕಿದೆ. ಅವರು ಹೋಗಲಿಲ್ಲ. ಕಟ್ಟೆಯ ಮುಂದೆ ನಿಂತು, ಯಾವ ಹಾಡನ್ನು ನಾನು ಕೇಳಲಾರೆನೋ ಅದನ್ನೇ ಎತ್ತಿಕೊಂಡರು. ಆ ಹಾಡಿಗೆ ನಮ್ಮವರು ಕೆಳದನಿಯಲ್ಲಿ ತಮ್ಮದೇ ಒಂದು ಧಾಟಿ ಹೊಂದಿಸಿಕೊಂಡಿದ್ದರು. ಬೇರೆ ಯಾರೂ ಅದನ್ನು ಹಾಡಿದವರಲ್ಲ. ಬೈದು ಕಳಿಸಬೇಕೆಂದು ಬಾಗಿಲ ಕಡೆ ನಡೆದೆ.

ಬೆನ್ನ ಹಿಂದೆ ಆ ಧಾಟಿ ಶುರುವಾಯಿತು.

ತಿರುಗಿ ನೋಡಿದೆ. ಅತ್ತೆ ಎದ್ದು ಕುಳಿತಿದ್ದರು. ಆಡುತ್ತಿದ್ದ ತುಟಿಗಳು ಅವರವೇ. ದನಿ ಮಾತ್ರ ಗಂಡಸಿನದು. ಎರಡನೆಯ ಸಾಲಿನ ಕೊನೆಗೆ ನಮ್ಮವರು ಉಸಿರು ಸಾಲದೆ ಚೂರು ತಡೆಯುತ್ತಿದ್ದರು. ಆ ತಡೆಯೂ ಅಲ್ಲಿತ್ತು. ಹುಸೇನಬಿ ಗಂಜಿಯ ಬಟ್ಟಲು ಹಿಡಿದು ಹಾಗೇ ಕುಳಿತಿದ್ದಳು.

“ಅಕ್ಕಾರ, ಇದು ಅಣ್ಣಾರ ದನಿರಿ,” ಅಂದಳು ಮೆಲ್ಲಗೆ.

ಹೆದರಬೇಕಿತ್ತು, ಹೆದರಲಿಲ್ಲ. ಬೇಡವೆಂದರೂ ನಿಲ್ಲದ ಒಂದು ಸಂತೋಷ ಎದೆಗೆ ನುಗ್ಗಿತು. ಅಳುತ್ತ ನಕ್ಕೆ. ನನ್ನನ್ನು ಕೇಳದೆ ಗಂಡನನ್ನು ಒಯ್ದ ದೇವರು ಈಗ ಕೇಳದೆಯೇ ನಗಿಸುತ್ತಿದ್ದಾನಲ್ಲ ಎಂದು ಅದಕ್ಕೂ ಸಿಟ್ಟು ಬಂತು. ಆದರೂ ಚಿಲಕ ತೆಗೆದೆ. ಮುಂದೆ ನಿಂತಿದ್ದ ಮುದುಕಿ, ಒಳಗೆ ಹಾಡಿದ ನೆಂಟರು ಯಾರು ಎಂದು ಕೇಳಿದಳು. ಅಷ್ಟರಲ್ಲಿ ಅತ್ತೆ ತಮ್ಮದೇ ದನಿಯಲ್ಲಿ, “ಹಸಿವಾಗೇತಿ, ರೊಟ್ಟಿ ಕೊಡವಾ,” ಅಂದರು.

ಆಮೇಲೆ ಅವರು ಕೆಲವು ವರ್ಷ ಬದುಕಿದರು, ಎಲ್ಲರಂತೆ ಮಾತಾಡಿದರು. ಆ ಸಂಜೆಯನ್ನು ನೆನಪಿಸಿದರೆ, ತಮಗೆ ಹಾಡೇ ಬರುವುದಿಲ್ಲ ಎನ್ನುತ್ತಿದ್ದರು. ಶಿಗ್ಗಾವಿಯ ಡಾಕ್ಟರರೊಬ್ಬರು, ಮಗನ ಹಾಡು ತಾಯಿಯ ಮನಸ್ಸಿನಲ್ಲಿ ಉಳಿದಿದ್ದೀತು ಎಂದರು. ಇದ್ದೀತು. ಆ ದನಿ ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಔಷಧಿ ಬಾಟಲಿಗೆ ಬಿರಡೆ ಹಾಕತೊಡಗಿದರು.

ಆ ಹಬ್ಬದ ಮುಂದಿನ ರವಿವಾರವೇ ನಾನು ಮಂದಿರಕ್ಕೆ ಹೋದೆ. ಪಾದ್ರಿಯನ್ನು ಕ್ಷಮಿಸಿರಲಿಲ್ಲ, ಇಂದಿಗೂ ಕ್ಷಮಿಸಿಲ್ಲ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ನಾನು ದೇವರ ಜೊತೆ ಜಗಳ ತೆಗೆದೆ. ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಆ ಕಡೆ ಕೇಳುವವರು ಯಾರೂ ಇಲ್ಲ ಎಂದು ಮಾತ್ರ ಮತ್ತೆಂದೂ ಅನಿಸಲಿಲ್ಲ. ಯಾಕೆ ಎಂದು ಕೇಳಿದರೆ, ನನಗೆ ಗೊತ್ತಿಲ್ಲ.