ಮುಹೂರ್ತವಿಲ್ಲದ ದಿನಗಳು

ವಧುವರರು ಕೂರುವ ಕುರ್ಚಿಯ ಮೇಲೆ ಒಂದು ಸ್ಪೀಕರ್ ಕೂತಿತ್ತು. ತಾಳಿ ಕಟ್ಟುವ ಜಾಗದಲ್ಲಿ ಟ್ರ್ಯಾಕ್ ಪ್ಯಾಂಟ್ ತೊಟ್ಟ ಹೆಂಗಸೊಬ್ಬಳು ಮೊಣಕಾಲನ್ನು ಎದೆಯವರೆಗೆ ಎತ್ತಿ ಎತ್ತಿ ಕುಣಿಯುತ್ತ ಮಲಯಾಳಂನಲ್ಲಿ ಎಣಿಸುತ್ತಿದ್ದಳು. ಕೆಳಗೆ, ಮದುವೆಯ ದಿನ ನೆಂಟರ ಕುರ್ಚಿಗಳಿರುವ ಕಡೆ, ಗುಂಡ್ಲುಪೇಟೆಯ ತಾಯಂದಿರು. ನೈಟಿಯ ಮೇಲೆ ದುಪಟ್ಟಾ ಬಿಗಿದವರು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದವರು, ಗಂಡನ ಟೀ ಶರ್ಟ್ ಹಾಕಿಕೊಂಡವರು. ಎಲ್ಲರೂ ಒಟ್ಟಿಗೆ ಹಾರಿ ಒಟ್ಟಿಗೆ ಇಳಿದರೆ ಕಲ್ಯಾಣ ಮಂಟಪ ಗುಡುಗುತ್ತಿತ್ತು. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಪಕ್ಕ ನಿಂತಿದ್ದೆ, ಮದುವೆಗೆ ತಪ್ಪು ದಿನ ಬಂದವಳ ಹಾಗೆ.

ಇಷ್ಟು ಬರೆದು ಓದಿ ನೋಡಿದರೆ ಅನುಮಾನ ಬರುತ್ತದೆ. ಗಂಡನ ಟೀ ಶರ್ಟಿನವಳನ್ನು ನಾನು ಮೊದಲ ದಿನವೇ ನೋಡಿದೆನೋ ಆಮೇಲೋ ಗೊತ್ತಿಲ್ಲ. ಅವಳು ಚೆನ್ನಾಗಿ ಕಾಣುತ್ತಾಳೆಂದು ಮನಸ್ಸು ಅವಳನ್ನು ಹಿಂದಕ್ಕೆ ತಂದು ಮೊದಲ ದಿನಕ್ಕೆ ಸೇರಿಸಿರಬಹುದು. ಚಪ್ಪಲಿ ಕೈಯಲ್ಲಿತ್ತು ಎಂಬುದು ಮಾತ್ರ ನಿಜ. ಅದನ್ನು ಎಲ್ಲಿ ಬಿಡಬೇಕೆಂದು ಕೇಳಲು ನಾಚಿಕೆಯಾಗಿತ್ತು.

ನನ್ನೂರು ಹುಮನಾಬಾದಿನಲ್ಲಿ ಕೂತು ಇದನ್ನು ಓದುವವರಿಗೆ ಹೇಳಬೇಕು: ನಾನು ಪರದೇಶಕ್ಕೆ ಬಂದಿಲ್ಲ. ರಾಜ್ಯದ ನಕ್ಷೆಯನ್ನು ಗೋಡೆಗೆ ತೂಗುಹಾಕಿದರೆ ನೀವು ಮೇಲಿನ ಮೊಳೆಯ ಹತ್ತಿರ ಇದ್ದೀರಿ, ನಾನು ಕೆಳಗಿನ ಅಂಚಿನಲ್ಲಿದ್ದೇನೆ. ಪರದೇಶಕ್ಕೆ ಹೋದವರಿಗೆ ಹೊಸ ಭಾಷೆ ಕಲಿಯುವ ಕೆಲಸವಾದರೂ ಇರುತ್ತದೆ. ನನಗೆ ಅದೂ ಇರಲಿಲ್ಲ. ನಾನು ಬಾಯಿ ತೆರೆದರೆ ತರಕಾರಿಯವನು ನಗುತ್ತಿದ್ದ. "ನಿಮ್ಮ ಮಾತು ಕಾಮಿಡಿ ಶೋ ಇದ್ದಂಗದೆ ಕಣಮ್ಮ" ಎಂದು ಒಂದು ಕಟ್ಟು ಕೊತ್ತಂಬರಿಯನ್ನು ಹೆಚ್ಚಿಗೆ ಹಾಕಿದ. ಅದು ಪ್ರೀತಿಯೇ. ಆದರೂ ಮರುದಿನದಿಂದ ನಾನು ತರಕಾರಿಯನ್ನು ಬೆರಳು ತೋರಿಸಿ ಕೊಂಡೆ.

ಗಂಡನಿಗೆ ಗುಂಡ್ಲುಪೇಟೆಗೆ ವರ್ಗವಾಗಿತ್ತು. ಮನೆ ಹಿಡಿದು, ಮಗಳನ್ನು ಶಾಲೆಗೆ ಸೇರಿಸಿ, ಪಾತ್ರೆಗಳನ್ನು ಜೋಡಿಸುವ ಹೊತ್ತಿಗೆ ಅವನನ್ನು ಚಾಮರಾಜನಗರದ ಕಚೇರಿಗೆ ನಿಯೋಜಿಸಿದರು. ಬೆಳಗಿನ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಅಲ್ಲಿ ಸರ್ಕಾರಿ ಕ್ವಾರ್ಟರ್ಸಿಗೆ ಅರ್ಜಿ ಹಾಕಿದೆವು. ಅದು ಸಿಕ್ಕರೆ ಸಾಕು, ಈ ಊರು ಬಿಟ್ಟರೆ ಸಾಕು ಎಂದು ನಾನು ಅವನನ್ನು ದಿನಾ ಕೇಳುತ್ತಿದ್ದೆ. ಮಗಳು ವ್ಯಾನ್ ಹತ್ತಿದ ಮೇಲೆ ಸಂಜೆಯ ತನಕ ನನ್ನ ದನಿಯನ್ನು ನಾನೇ ಕೇಳುವಂತಿರಲಿಲ್ಲ. ನಮ್ಮಲ್ಲಾದರೆ ರೊಟ್ಟಿ ಬಡಿಯುವ ಸದ್ದಿಗೇ ಪಕ್ಕದ ಮನೆಯವಳು "ಏನ್ ಪಲ್ಯ ಮಾಡೀರಿ?" ಎಂದು ಗೋಡೆಯಾಚೆಯಿಂದ ಕೇಳುತ್ತಾಳೆ. ಇಲ್ಲಿ ಆ ಸದ್ದಿಗೆ ಕೆಳಗಿನ ಮನೆಯ ಅಮ್ಮ, ನಮ್ಮ ಮನೆಯ ಒಡತಿ, ಮೆಟ್ಟಿಲು ಹತ್ತಿ ಬಂದು, "ಏನಮ್ಮ ಅದು, ಗೋಡೆ ಒಡೀತಿದ್ದೀರಾ?" ಎಂದು ಕೇಳಿದರು. ಜೋಳದ ರೊಟ್ಟಿ ತೋರಿಸಿದೆ. ಅವರು ಮುಟ್ಟಿ ನೋಡಿ, ಸಂಜೆ ನನಗೊಂದು ಮುದ್ದೆ, ಬಟ್ಟಲು ಉಪ್ಪುಸಾರು ಕಳಿಸಿದರು. ಮುದ್ದೆಯನ್ನು ನಾನು ಅಗಿದೆ. ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ನನ್ನ ಮಗಳು ಹೇಳಿಕೊಟ್ಟಳು. ಶಾಲೆಗೆ ಸೇರಿ ಒಂದು ತಿಂಗಳಿಗೇ ಅವಳು "ಓಗನ ಬಾಮ್ಮ" ಎನ್ನುತ್ತಿದ್ದಳು.

ಮುದ್ದೆ ತಂದವಳು ಆ ಅಮ್ಮನ ಸೊಸೆ ನಾಗಮಣಿ. ಅವಳ ಮಗ ನನ್ನ ಮಗಳ ತರಗತಿಯಲ್ಲೇ ಇದ್ದ. ಬಟ್ಟಲು ವಾಪಸ್ ಕೊಡಲು ಹೋದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅತ್ತೆ ಒಳಗಿದ್ದಾರೆಯೇ ಎಂದು ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದಳು:

"ಅಕ್ಕ, ನಾಳೆ ಮಕ್ಕಳು ಹೋದ್ಮೇಲೆ ಯೋಗಕ್ಕೆ ಬತ್ತೀರಾ?"

"ನನಗ ಯೋಗ ಬರಲ್ಲ."

"ನಮ್ಗೂ ಬರಕಿಲ್ಲ. ಬನ್ನಿ."

ಹಾಗೆ ಆ ಮಂಟಪಕ್ಕೆ ಹೋದದ್ದು. ಅಲ್ಲಿ ಯೋಗ ಇರಲಿಲ್ಲ. ಮನೆಯವರಿಗೆ ಹೇಳಲು ಯೋಗ, ಒಳಗೆ ಕುಣಿತ. ಹೇಳಿಕೊಡುವವಳು ಬಿಂದು. ಕೇರಳದ ಬತ್ತೇರಿಯ ಕಡೆಯವಳು, ಈ ಊರಿಗೆ ಸೊಸೆಯಾಗಿ ಬಂದವಳು. ಕನ್ನಡ ಸಲೀಸಾಗಿ ಮಾತಾಡುತ್ತಾಳೆ, ಆದರೆ ಎಣಿಕೆ ಮಾತ್ರ ಅವಳ ಭಾಷೆಯಲ್ಲೇ ಬರುತ್ತದೆ: ಒನ್ನ್, ರಂಡ್, ಮೂನ್ನ್, ನಾಲ್. ಎಟ್ಟ್ ಎಂದರೆ ಎಂಟು. ಅಲ್ಲಿಗೆ ಮುಟ್ಟಿ ಮತ್ತೆ ಒಂದಕ್ಕೆ ಬರುತ್ತಾಳೆ. ಒಳಗಿದ್ದ ಎಲ್ಲರೂ ಅವಳೊಡನೆ ಮಲಯಾಳಂನಲ್ಲೇ ಕೂಗಿ ಎಣಿಸುತ್ತಿದ್ದರು. ಎಂಟರ ಮುಂದಿನ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ನನ್ನ ಮಾತಿಗೆ ಯಾರೂ ನಗಲಿಲ್ಲ, ಯಾಕೆಂದರೆ ಆ ಹೊತ್ತಿನಲ್ಲಿ ಬಿಂದುವನ್ನು ಬಿಟ್ಟರೆ ಯಾರೂ ತಮ್ಮ ತಮ್ಮ ಮಾತನ್ನು ಆಡುತ್ತಿರಲಿಲ್ಲ.

ಮಂಟಪ ನೋಡಿಕೊಳ್ಳುವವನ ಹೆಂಡತಿ ಮಾದೇವಮ್ಮ ಬಾಗಿಲ ಹೊರಗೆ ಬೆಳ್ಳುಳ್ಳಿ ಬಿಡಿಸುತ್ತ ಕಾವಲು ಕೂರುತ್ತಿದ್ದಳು. ಯಾರಾದರೂ ಗಂಡಸರು ಬಂದರೆ "ಒಳ್ಗೆ ಧ್ಯಾನ ನಡೀತದೆ, ಆಮೇಕ್ ಬನ್ನಿ" ಎಂದು ಕಳಿಸುತ್ತಿದ್ದಳು. ಒಳಗೆ ಸ್ಪೀಕರ್ ಕಿರುಚುತ್ತಿರುತ್ತಿತ್ತು. ಮಂಟಪದ ಬೀಗದ ಕೈ ನಮಗೆ ಹೇಗೆ ಸಿಕ್ಕಿತು ಎಂದು ಅವಳನ್ನು ಕೇಳಿದೆ.

"ಆಸಾಡ ಅಲ್ವಾ? ಯಾರ್ ಮದ್ವೆ ಮಾಡರು? ಬೀಗ ಆಕ್ಬುಟ್ರೆ ಇಲಿ ಓಡಾಡ್ತವೆ. ನೀವ್ ಓಡಾಡಿ."

ಆಷಾಢದಲ್ಲಿ ಮುಹೂರ್ತವಿಲ್ಲ ಎಂಬುದು ನನಗೆ ಗೊತ್ತಿರದ ಸಂಗತಿಯಲ್ಲ. ಆದರೆ ಆಷಾಢ ಮುಗಿಯುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಮಂಟಪ ಅಲ್ಲೇ ಇರುತ್ತದೆ, ಹೆಂಗಸರು ಅಲ್ಲೇ ಇರುತ್ತಾರೆ, ದಿನಾ ಹೀಗೇ ನಡೆಯುತ್ತದೆ ಎಂದುಕೊಂಡಿದ್ದೆ. ಬೆವರು ಒರೆಸಿಕೊಳ್ಳುತ್ತ ನೆಲದ ಮೇಲೆ ಕೂತಾಗ ನಾಗಮಣಿ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಮದುವೆಯಾದ ಮೇಲೆ ತಾನು ಓಡಿದ್ದೇ ಇಲ್ಲ, ಬಸ್ಸು ತಪ್ಪಿದರೂ ನಡೆದೇ ಹೋಗಿದ್ದೇನೆ ಎಂದಳು. ಬಾಣಂತನದ ಹೊಟ್ಟೆ ಕರಗಲಿಲ್ಲವೆಂದು ಅಳುತ್ತಿದ್ದವಳೊಬ್ಬಳು ಅಲ್ಲೇ ಅಂಗಾತ ಮಲಗಿ ನಗುತ್ತಿದ್ದಳು. ಅಷ್ಟು ದಿನವೂ ಮನೆಗೆ ಬಂದು ನಾನು ಮಾತಾಡಿದ್ದೇ ಮಾತಾಡಿದ್ದು. ಒಂದು ರಾತ್ರಿ ಗಂಡ ಊಟದ ನಡುವೆ ತಲೆಯೆತ್ತಿ, "ಇವತ್ತ ಕ್ವಾರ್ಟರ್ಸಿಂದು ಕೇಳಲೇ ಇಲ್ಲಲ್ಲ ನೀ" ಎಂದ.

ಶ್ರಾವಣ ಬಂತು. ನಾನೂ ನಾಗಮಣಿಯೂ ಹೋದಾಗ ಮಂಟಪದ ಮುಂದೆ ಬಾಳೆಕಂದು ಇಳಿಸುತ್ತಿದ್ದರು. ಒಳಗೆ ಕುರ್ಚಿಗಳ ರಾಶಿ. ಮಾದೇವಮ್ಮ ಸೆರಗು ಸಿಕ್ಕಿಸಿಕೊಂಡು ನೆಲ ತೊಳೆಸುತ್ತಿದ್ದಳು.

"ಇನ್ನೆಲ್ಲಮ್ಮಿ? ಓಗಿ ಓಗಿ, ಬುಕ್ಕಿಂಗ್ ಆಗ್ಬುಟ್ಟದೆ ಒಂದರ ಮೇಲೊಂದು."

ನಾಗಮಣಿಗೆ ಆಶ್ಚರ್ಯವೇನೂ ಆಗಲಿಲ್ಲ. ಮಳೆ ನಿಂತರೆ ಛತ್ರಿ ಮಡಚುವ ಹಾಗೆ ಅವಳು ದುಪಟ್ಟಾವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ನಾನು ಮಾತ್ರ ಅಲ್ಲೇ ನಿಂತೆ.

ಆಮೇಲೆ ನಾನು ಮಾಡಿದ್ದು ಹೊರಗಿನವಳು ಮಾತ್ರ ಮಾಡುವಂಥ ಕೆಲಸ. ಒಬ್ಬೊಬ್ಬರ ಮನೆಗೂ ಹೋಗಿ, ಶಾಲೆಯ ಮೈದಾನ ಬೆಳಿಗ್ಗೆ ಖಾಲಿ ಇರುತ್ತದೆ, ಅಲ್ಲೇ ಮುಂದುವರಿಸೋಣ ಎಂದು ಹೇಳಿಬಂದೆ. ಎಲ್ಲರೂ ಕಾಫಿ ಕೊಟ್ಟರು, "ಬತ್ತೀವಿ" ಎಂದರು. ನಮ್ಮ ಕಡೆ ಬರುತ್ತೇವೆಂದರೆ ಬರುತ್ತಾರೆ, ಇಲ್ಲದಿದ್ದರೆ ಮುಖದ ಮೇಲೆ ಇಲ್ಲ ಎನ್ನುತ್ತಾರೆ ಎಂದು ಬರೆಯಹೊರಟೆ. ಅದು ಸುಳ್ಳು. ನಮ್ಮ ಕಡೆಯವರೂ ಹಾಗೆಯೇ. ಊರು ದೂರವಾದಷ್ಟೂ ಊರಿನವರು ಒಳ್ಳೆಯವರಾಗುತ್ತ ಹೋಗುತ್ತಾರೆ.

ಮಾರನೆಯ ಬೆಳಿಗ್ಗೆ ಮೈದಾನಕ್ಕೆ ಬಂದವಳು ನಾಗಮಣಿ ಒಬ್ಬಳೇ. ಸೀರೆ, ಸ್ವೆಟರ್, ತಲೆಗೆ ಸ್ಕಾರ್ಫ್. ಮಂಜು ಬೇಲಿಯ ಮೇಲೆ ಕೂತಿತ್ತು. ನಾನು ಟ್ರ್ಯಾಕ್ ಪ್ಯಾಂಟಿನಲ್ಲಿದ್ದೆ. ಮೊಬೈಲಿನಲ್ಲಿ ಹಾಡು ಹಾಕಿ ಕೈ ಎತ್ತಿದೆ. ಅವಳು ಎತ್ತಲಿಲ್ಲ.

"ಆಫ್ ಮಾಡಿ ಅಕ್ಕ."

"ಯಾಕ? ಯಾರೂ ಇಲ್ಲಲ್ಲ."

ಅವಳು ಗದ್ದದಿಂದ ಮೈದಾನದ ಆ ತುದಿಯನ್ನು ತೋರಿಸಿದಳು. ಮಫ್ಲರ್ ಸುತ್ತಿಕೊಂಡ ಹಿರಿಯರ ಗುಂಪೊಂದು ಬಿರಬಿರನೆ ನಡೆದು ಬರುತ್ತಿತ್ತು. "ಮುಂದೆ ಬತ್ತಾ ಇಲ್ವಾ, ನಮ್ ಮಾವ್ನೋರು. ಅವ್ರ ಹಿಂದೆ ಟೈಲರ್ ಅಂಗಡಿಯೋರು, ಅವ್ರ ಹಿಂದೆ ನಮ್ ಯಜಮಾನ್ರ ಮೇಷ್ಟ್ರು. ಇವ್ರ ಮುಂದೆ ನಾನು ಎಗರ್‍ಲಾ? ಬುಡಿ ಅಕ್ಕ, ನಿಮ್ದೇನು, ನಿಮ್ಮೋರ್ ಯಾರೂ ಇಲ್ಲಿಲ್ಲ. ಎಗರಬಹುದು."

ಅವಳು ಅದನ್ನು ಹೊಟ್ಟೆಕಿಚ್ಚಿನಿಂದಲೇ ಹೇಳಿದಳು. ನನ್ನವರು ಯಾರೂ ಇಲ್ಲಿಲ್ಲ ಎಂಬುದು ಅವಳಿಗೆ ಸ್ವಾತಂತ್ರ್ಯವಾಗಿ ಕಂಡಿತ್ತು. ನಾನು ಮೊಬೈಲ್ ಆಫ್ ಮಾಡಿದೆ. ಇಬ್ಬರೂ ಒಂದು ಸುತ್ತು ನಡೆದೆವು. ಎದುರಾದಾಗ ಅವಳ ಮಾವ "ವಾಕಿಂಗಾ? ಒಳ್ಳೇದು ಒಳ್ಳೇದು" ಎಂದರು. ಮರುದಿನದಿಂದ ಅವಳೂ ಬರಲಿಲ್ಲ. ನಾನು ಕೆಲವು ದಿನ ಒಬ್ಬಳೇ ಹೋದೆ. ಹಾರಲಿಲ್ಲ. ಮನೆಯ ತಾರಸಿಯ ಮೇಲೂ ಮಾಡಿ ನೋಡಿದೆ. ಒಬ್ಬಳೇ ಎಟ್ಟ್ ಎಂದು ಕೂಗಿಕೊಂಡಾಗ ಪಕ್ಕದ ತಾರಸಿಯಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದಾಕೆ ಬೆದರಿ ತಿರುಗಿದಳು.

ಅದೇ ಶ್ರಾವಣದಲ್ಲಿ ಹಂಗಳದ ನೆಂಟರ ಮದುವೆಗೆ ಕೆಳಗಿನ ಮನೆಯ ಅಮ್ಮ ನಮ್ಮನ್ನೂ ಕರೆದರು. ಮದುವೆ ಅದೇ ಮಂಟಪದಲ್ಲಿ. ಗಂಡ ಕಚೇರಿಗೆ ಹೋಗಿದ್ದ, ನಾನೂ ಮಗಳೂ ಹೋದೆವು. ಒಳಗೆ ಕಾಲಿಟ್ಟರೆ ಗುರುತು ಹತ್ತಲಿಲ್ಲ, ಮಂಟಪದ್ದಲ್ಲ, ಹೆಂಗಸರದ್ದು. ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ನಿಧಾನದ ನಡಿಗೆ. ನನ್ನೊಡನೆ ನೆಲದ ಮೇಲೆ ಅಂಗಾತ ಬಿದ್ದು ನಕ್ಕಿದ್ದವಳು ತಲೆಬಾಗಿಸಿ "ಚೆನ್ನಾಗಿದ್ದೀರಾ?" ಎಂದು ಕೇಳಿ ಮುಂದೆ ಹೋದಳು. ನಾಗಮಣಿ ಯಾರಿಗೋ ನನ್ನನ್ನು "ನಮ್ಮ ಬಾಡಿಗೆಯವರು, ಬೀದರ್ ಕಡೆಯೋರು" ಎಂದು ಪರಿಚಯಿಸಿದಳು. ತಪ್ಪೇನಿಲ್ಲ, ನಾನು ಬಾಡಿಗೆಯವಳೇ. ಊಟದ ಸಾಲಿನಲ್ಲಿ ಅವಳ ಅತ್ತೆ ನನ್ನ ಪಕ್ಕ ಕೂತು, ಎಲೆಗೆ ನೀರು ಚಿಮುಕಿಸುತ್ತ ಕೇಳಿದರು:

"ಯೋಗ ನಿಂತೋಯ್ತಂತಲ್ಲ? ನಮ್ ಮಣಿ ಅದಾದ್ಮೇಲೆ ಮಕ ಊದುಸ್ಕೊಂಡವ್ಳೆ. ಏನ್ ಹೇಳ್ಕೊಡ್ತಿದ್ರಮ್ಮ ಅಲ್ಲಿ?"

ಎದುರು ಸಾಲಿನಲ್ಲಿ ನಾಗಮಣಿ ತುತ್ತು ಹಿಡಿದ ಕೈಯನ್ನು ಬಾಯಿಗೆ ತಾರದೆ ಕೂತಿದ್ದಳು.

"ಉಸಿರಾಟರೀ ಅಮ್ಮ" ಎಂದೆ. "ಬರೇ ಉಸಿರಾಟ."

ನಾಗಮಣಿ ತುತ್ತನ್ನು ಬಾಯಿಗಿಟ್ಟಳು. ಈ ಪ್ರಸಂಗವನ್ನು ನಾನು ಅವ್ವನಿಗೆ ಫೋನಿನಲ್ಲಿ ನಗೆಯಾಗಿ ಹೇಳಿದ್ದೇನೆ, ಗಂಡನಿಗೆ ದೂರಿನ ಹಾಗೆ ಹೇಳಿದ್ದೇನೆ. ಈಗ ಮೂರನೆಯ ಸಲ ಹೇಳುವಾಗ ಅದು ಎರಡೂ ಅಲ್ಲ. ಆ ಊರಿನಲ್ಲಿ ನನ್ನಿಂದ ಒಬ್ಬರಿಗೆ ಏನೋ ಆಗಬೇಕಿತ್ತು, ಅದನ್ನು ಮಾಡಿದೆ. ಅಷ್ಟೇ. ಅಷ್ಟಕ್ಕೇ ಆ ಸಂಜೆ ಮನೆಯ ಬೀಗ ತೆಗೆಯುವಾಗ ಕೈ ಹಗುರವಾಗಿತ್ತು.

ಪಿತೃಪಕ್ಷದಲ್ಲಿ ಮಂಟಪ ಸಿಗಬಹುದೆಂದು ಕಾದೆವು. ಸುಣ್ಣಬಣ್ಣಕ್ಕೆ ಕೊಟ್ಟುಬಿಟ್ಟರು. ಕಾರ್ತಿಕದ ಕೊನೆಗೆ ಗಂಡ ಚಾಮರಾಜನಗರದಿಂದ ಫೋನ್ ಮಾಡಿದ. ಕ್ವಾರ್ಟರ್ಸ್ ಸಿಕ್ಕಿತ್ತು. ಎರಡು ಕೋಣೆ, ಹಿಂದೆ ಗಿಡ ಹಾಕಲು ಜಾಗ, ಅವನ ಕಚೇರಿ ನಡೆದು ಹೋಗುವಷ್ಟು ಹತ್ತಿರ. ನಾನು ಬೇಡಿ ಬೇಡಿ ಪಡೆದದ್ದು. ಮೆಟ್ಟಿಲಿಳಿದು ಹೋಗಿ ನಾಗಮಣಿಗೆ ಹೇಳಿದೆ.

"ಓಗಿ ಅಕ್ಕ. ದೊಡ್ಡೂರು. ಹೆಂಗಸ್ರ ಜಿಮ್ಮೇ ಅದೆಯಂತೆ ಅಲ್ಲಿ" ಎಂದು ಅವಳು ಹುಣಸೆಹಣ್ಣಿನ ನಾರು ತೆಗೆಯುತ್ತಲೇ ಇದ್ದಳು. ನಾನು ಮೆಟ್ಟಿಲು ಹತ್ತುವಾಗ ಹಿಂದಿನಿಂದ ಕೂಗಿದಳು: "ಧನುರ್ಮಾಸಕ್ಕೆ ಬೀಗ ತೆಗೀತಾರೆ ಕಣಕ್ಕ. ಸಂಕ್ರಾಂತಿಗಂಟ ಮದ್ವೆ ಇಲ್ಲ."

ರಾತ್ರಿ ಗಂಡನಿಗೆ ಹೇಳಿದೆ: ಧನುರ್ಮಾಸ ಬರ್ಲತ್ತದ, ಈಗ ಮನಿ ಬದಲಿ ಮಾಡೋದು ಬ್ಯಾಡ, ಸಂಕ್ರಾಂತಿ ಆಗಲಿ.

ಅವನು ಟವೆಲನ್ನು ಕೈಯಲ್ಲೇ ಹಿಡಿದು ನಿಂತ. "ನೀ ಯಾವಾಗಿಂದ ಇವೆಲ್ಲ ನಂಬ್ಲತ್ತಿ?"

"ಇಲ್ಲಿಯವರು ನಂಬ್ತಾರ."

ಅವನು ಇನ್ನೂ ಕೆಲವು ವಾರ ಬಸ್ಸಿನಲ್ಲಿ ಓಡಾಡಬೇಕಾಯಿತು. ಮಂಟಪದ ಬಾಗಿಲು ತೆರೆಯಿತು. ಬಂದವರು ಮೊದಲಿಗಿಂತ ಕಡಿಮೆ. ಕೆಲವರಿಗೆ ಚಳಿ, ಒಬ್ಬಳಿಗೆ ಮತ್ತೆ ಬಸಿರು. ಬಿಂದು ಹಾಡು ಬದಲಿಸಿದ್ದಳು. ನಾಗಮಣಿ ಮೊದಲ ದಿನವೇ ಉಸಿರು ಕಟ್ಟಿ ಕೂತು ಎಲ್ಲರಿಗೂ ಬೈದಳು.

ಎಳ್ಳಮಾಸಿಯೂ ಅದೇ ತಿಂಗಳು ಎಂಬುದು ನನಗೆ ಅವ್ವನ ಫೋನ್ ಬರುವ ತನಕ ಹೊಳೆದಿರಲಿಲ್ಲ. ಈ ಕಡೆಯವರಿಗೆ ಆ ಹಬ್ಬವೇ ಗೊತ್ತಿಲ್ಲ. ನಮಗೆ ಅದರಷ್ಟು ದೊಡ್ಡದು ಇನ್ನೊಂದಿಲ್ಲ: ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಗಿಡದ ಕೆಳಗೆ ಕೂತು ಭಜ್ಜಿ, ಸಜ್ಜೆ ಕಡಬು ಉಣ್ಣುವ ದಿನ. ಆ ದಿನ ಊರಿಗೆ ಹೋಗದೆ ಉಳಿದದ್ದು ಅದೇ ಮೊದಲು. ಅವ್ವ ಹೊಲದಿಂದಲೇ ಫೋನ್ ಮಾಡಿದಳು. ಮಂಟಪದಲ್ಲಿದ್ದ ನಾನು ಸಾಲಿನಿಂದ ಹೊರಬಂದು ಊಟದ ಮನೆಯ ಬಾಗಿಲಿಗೆ ಹೋದೆ. ಆ ಕಡೆ ಗಾಳಿ, ಅಣ್ಣನ ಮಕ್ಕಳ ಗದ್ದಲ.

"ಯಾಕ ಹಂಗ ಉಸುರ್ ಬಿಡ್ಲತ್ತಿ? ಅಳ್ಲತ್ತೇನು?"

"ಇಲ್ಲವ್ವ. ಕುಣೀಲತ್ತೀನಿ."

ಅವ್ವ ಮಕ್ಕಳಿಗೆ ಸುಮ್ಮನಿರಲು ಗದರಿದಳು. "ಒಬ್ಬಾಕೀನೇ?" ಎಂದಳು.

"ಇಲ್ಲ, ಇಲ್ಲಿಯವರ ಸಂಗಡ."

"ಕುಣಿ ಹಂಗಾದ್ರ" ಎಂದು ಅವಳು ಫೋನನ್ನು ಮಕ್ಕಳ ಕೈಗೆ ಕೊಟ್ಟಳು. ಮಕ್ಕಳು ಏನೋ ಕೂಗಿ, ಅದು ಕಟ್ಟಾಯಿತು.

ಸಾಲಿನಲ್ಲಿ ನನ್ನ ಎರಡೂ ಪಕ್ಕದವರು ನನಗಾಗಿ ಜಾಗ ಬಿಟ್ಟುಕೊಂಡು ಕಾಯುತ್ತಿದ್ದರು ಎಂದು ಬರೆದರೆ ನಿಮಗೂ ಸಮಾಧಾನ, ನನಗೂ. ನಾನು ತಿರುಗಿ ಬಂದಾಗ ಸಾಲು ಕೂಡಿಕೊಂಡಿತ್ತು. ನಾಗಮಣಿ ಕಣ್ಣು ಮುಚ್ಚಿ ಹಾರುತ್ತಿದ್ದಳು, ನನ್ನನ್ನು ನೋಡಲಿಲ್ಲ. ಎಲ್ಲರ ಹಿಂದೆ, ಗೋಡೆಯ ಹತ್ತಿರ, ಒಬ್ಬರು ಕೈ ಚಾಚುವಷ್ಟು ಜಾಗವಿತ್ತು. ಎಣಿಕೆ ಐದಕ್ಕೆ ಬಂದಿತ್ತು. ನಾನು ಅಲ್ಲಿ ನಿಂತು ಆರರಿಂದ ಸೇರಿಕೊಂಡೆ.