ಪುಸ್ತಕದೊಳಗೆ ಗೂಡು ಕಟ್ಟಿದ ಹುಳ

ಹೊಂಗನೂರಿನ ಲತಾಮಣಿಗೆ ಎರಡು ಹುಚ್ಚು. ಯಾರಾದರೂ ಬಂದು ಏನಾದರೂ ಕೇಳಿದರೆ ಇಲ್ಲ ಎನ್ನಲು ನಾಲಿಗೆ ಹೊರಳದು, ಅದೊಂದು. ಮಕ್ಕಳಿಗೆ ಕಥೆ ಓದಿ ಹೇಳದಿದ್ದರೆ ಆ ದಿನ ಅನ್ನ ಸೇರದು, ಅದು ಇನ್ನೊಂದು. ಮೊದಲನೆಯ ಹುಚ್ಚಿಗೆ ಅತ್ತೆ ಚಿನ್ನಮ್ಮ ದಿನವೂ ಮಂಗಳಾರತಿ ಎತ್ತುತ್ತಿದ್ದಳು. ಎರಡನೆಯದಕ್ಕೂ ಮೂಗು ಮುರಿಯುತ್ತಿದ್ದಳು, ಆದರೆ ಓದುವ ಹೊತ್ತಿಗೆ ಸರಿಯಾಗಿ ಎಲೆಅಡಿಕೆ ಚೀಲ ಹಿಡಿದು ಜಗಲಿ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಮುದುಕಿಯರ ಮಾತನ್ನು ಪೂರ್ತಿ ನಂಬಬಾರದು.

ಉಯ್ಯಂಬಳ್ಳಿಯಿಂದ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಗೋಡೆಯ ಕ್ಯಾಲೆಂಡರು ಬಿಟ್ಟರೆ ಓದಲು ಮತ್ತೇನೂ ಇರಲಿಲ್ಲ. ರೇಷ್ಮೆ ಹುಳ ಸಾಕುವ ಮನೆ. ಸೊಪ್ಪು ಹಾಕು, ಕಸ ತೆಗೆ, ಮತ್ತೆ ಸೊಪ್ಪು ಹಾಕು. ಮಗಳು ಅಮೂಲ್ಯ ಹುಟ್ಟಿದ ಮೇಲೆ ಲತಾಮಣಿ ಗಂಡ ದೇವರಾಜನ ಹತ್ತಿರ ಒಂದು ಮಾತು ಗಟ್ಟಿ ಮಾಡಿಕೊಂಡಳು. ರಾಮನಗರದ ಮಾರ್ಕೆಟ್ಟಿಗೆ ಗೂಡು ಹಾಕಿ ಬರುವಾಗಲೆಲ್ಲ ಒಂದು ಕಥೆ ಪುಸ್ತಕ ತರಬೇಕು, ಬೆಳೆ ಕೈ ಹಿಡಿದರೂ ಸರಿ, ಕೈ ಕೊಟ್ಟರೂ ಸರಿ. ಪಾಪ, ದೇವರಾಜ ಒಂದು ಸಲವೂ ತಪ್ಪಿಸಲಿಲ್ಲ. ಹಾಗಾಗಿ ಅಮೂಲ್ಯ ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ, ಅವಳ ತಮ್ಮ ಚೈತನ್ಯನಿಗೆ ನಾಲ್ಕು ತುಂಬುವಷ್ಟರಲ್ಲಿ, ಗೋಡೆಯ ಗೂಡಿನ ತುಂಬ ದಪ್ಪ ರಟ್ಟಿನ, ಬಣ್ಣಬಣ್ಣದ ಪುಸ್ತಕಗಳು.

ಸಂಜೆ ಜಗಲಿಯಲ್ಲಿ ಲತಾಮಣಿ ಓದಲು ಕೂತರೆ ಬೀದಿಯ ಮಕ್ಕಳೆಲ್ಲ ಹಾಜರು. ಮೇಕೆ ಬಂದರೆ ಮೇಕೆಯ ದನಿ, ಕಂಡಕ್ಟರ್ ಬಂದರೆ ಕಂಡಕ್ಟರ್ ದನಿ. ಎಲ್ಲ ಸರಿ, ಆದರೆ ಅಮೂಲ್ಯಳದೊಂದು ಕಾನೂನಿತ್ತು.

"ಕೇಳ್ಬೋದು. ಮುಟ್ಟಂಗಿಲ್ಲ!"

ಎದುರು ಮನೆ ಲಿಂಗಯ್ಯನ ಮೊಮ್ಮಗ ಸಿದ್ಧಾರ್ಥ ಒಮ್ಮೆ ಚಿತ್ರ ನೋಡಲೆಂದು ಬೆರಳಿಟ್ಟ, ಫಟ್ ಎಂದು ಏಟು ಬಿತ್ತು. ಲತಾಮಣಿ ಗದರಿದಳು, ರಮಿಸಿದಳು, ಹೋಳಿಗೆಯ ಆಸೆ ತೋರಿಸಿದಳು. ಊಹೂಂ. ನನ್ನ ಹೊಟ್ಟೆಯಲ್ಲಿ ಹುಟ್ಟಿ ಇಂಥಾ ಜಿಪುಣಿಯಾದಳಲ್ಲ ಎಂದು ಅವಳಿಗೆ ನಿಜವಾಗಿಯೂ ನೋವಾಗುತ್ತಿತ್ತು.

ಈ ಬೇಸಗೆಯಲ್ಲಿ ಒಂದು ಬೆಳಗ್ಗೆ ಲಿಂಗಯ್ಯ ಬಾಗಿಲಲ್ಲಿ ನಿಂತ. ಅವನ ಹುಳ ಹಣ್ಣಾಗಿದ್ದವು. ಹಣ್ಣಾದ ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಬಿದಿರಿನ ಸುರುಳಿಯ ಚಂದ್ರಿಕೆಗೆ ಬಿಡಬೇಕು. ಅವನ ಚಂದ್ರಿಕೆಗಳಿಗೆ ಗೆದ್ದಲು ಹಿಡಿದಿತ್ತು.

"ತಕಂಡೋಗಿ ಮಾವ, ನಮ್ಮವು ಹಣ್ಣಾಗೋಕೆ ಇನ್ನೂ ಟೈಮೈತೆ" ಎಂದು ಲತಾಮಣಿ ಹಿಂದುಮುಂದು ನೋಡದೆ ಮನೆಯಲ್ಲಿದ್ದ ಚಂದ್ರಿಕೆಗಳನ್ನೆಲ್ಲ ಹೊರಿಸಿ ಕಳಿಸಿದಳು.

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂದಳು ಚಿನ್ನಮ್ಮ. "ಬಿಸ್ಲು ನೋಡಿದ್ದೀಯೇನವ್ವ? ಈ ಸೆಕೆಗೆ ಹುಳ ನಿನ್ನ ಕೇಳ್ಕಂಡು ಹಣ್ಣಾಯ್ತಾವಾ?"

ಮುದುಕಿಯ ಬಾಯಿಗೆ ಸಕ್ಕರೆಯೇ ಹಾಕಬೇಕೋ, ಮಣ್ಣೇ ಹಾಕಬೇಕೋ. ಮಾರನೆಯ ದಿನ, ಭಾನುವಾರ, ಮಧ್ಯಾಹ್ನ ಲತಾಮಣಿ ಸೊಪ್ಪು ಹೊತ್ತು ಹುಳದ ಮನೆಗೆ ಹೋದರೆ ಸರಪರ ತಿನ್ನುವ ಸದ್ದೇ ಇಲ್ಲ. ಹುಳಗಳು ತಲೆ ಎತ್ತಿ ಆಡಿಸುತ್ತಿದ್ದವು, ಮೈಯೆಲ್ಲ ಹಳದಿ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಂತೆ. ಹಣ್ಣಾಗಿದ್ದವು. ಒಂದಲ್ಲ ಎರಡಲ್ಲ, ಮನೆಪೂರ್ತಿ!

ಜಾಗ ಸಿಗದ ಹುಳ ಕಾಯುವುದಿಲ್ಲ, ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹೊಲಸು ಗೂಡು ಕಟ್ಟುತ್ತದೆ. ಅದನ್ನು ಮಾರ್ಕೆಟ್ಟಿನಲ್ಲಿ ಮೂಸಿ ನೋಡುವವರೂ ಇಲ್ಲ. ಹೊತ್ತು ಮುಳುಗುವುದರೊಳಗೆ ಎಲ್ಲಕ್ಕೂ ಜಾಗ ಮಾಡದಿದ್ದರೆ ಇಡೀ ಬೆಳೆ ನೀರು ಪಾಲು. ಲಿಂಗಯ್ಯನಿಂದ ವಾಪಸ್ ತರೋಣವೆಂದರೆ ಅವನ ಹುಳ ಅದರಲ್ಲಿ ಆಗಲೇ ಅರ್ಧ ಗೂಡು ಕಟ್ಟಿದ್ದವು. ಅಲುಗಿಸಿದರೆ ಅವನ ಬೆಳೆಯೂ ಹೋಯಿತು.

"ಅತ್ತೆ, ನಾನು ಕೆಟ್ಟೆ!" ಎಂದು ಕೂಗಿದಳು.

ಚಿನ್ನಮ್ಮ ಬೈಯಲಿಲ್ಲ. ಬೈಯಲು ಪುರುಸೊತ್ತೆಲ್ಲಿ? ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದು ಬಾಯಿ ಮಾಡಿದಳು. ಊರು ಎದ್ದುಬಂತು. ದೇವರಾಜ ಚಂದ್ರಿಕೆ ತರಲು ಗೂಡ್ಸ್ ಆಟೋ ಹತ್ತಿ ಬೈರಾಪಟ್ಟಣಕ್ಕೆ ಹಾರಿದ. ಲಿಂಗಯ್ಯನ ಕಾಲಿಗೆ ಚಕ್ರ ಬಂತು. "ನನ್ನಿಂದ ಹಿಂಗಾಯ್ತಲ್ಲವ್ವ" ಎನ್ನುತ್ತ ಒಂದು ಮನೆಯಿಂದ ಮುರುಕು ಚಂದ್ರಿಕೆ, ಇನ್ನೊಂದು ಮನೆಯ ಅಟ್ಟದಿಂದ ಧೂಳು ಹಿಡಿದದ್ದು, ತೋಟದಿಂದ ಒಣಗಿದ ಮಾವಿನ ಕೊಂಬೆ, ಹೀಗೆ ಸಿಕ್ಕಿದ್ದನ್ನೆಲ್ಲ ಹೊತ್ತು ತಂದ. ಬಾಗಿಲಲ್ಲಿ ಚಿನ್ನಮ್ಮನ ತಪಾಸಣೆ ಬೇರೆ! ಹುಳಕ್ಕೆ ವಾಸನೆ ಆಗದು. ಒಬ್ಬೊಬ್ಬರನ್ನೂ ಮೂಸಿ ಒಳಗೆ ಬಿಡುತ್ತಿದ್ದಳು. ಮದುವೆ ಮನೆಯಿಂದ ನೇರ ಬಂದ ಒಬ್ಬನನ್ನು, "ಸೆಂಟ್ ಹೊಡ್ಕಂಡು ಬಂದಿದ್ದೀಯೇನ್ಲಾ? ಹೋಗ್ ಮೈ ತೊಳ್ಕೊಂಡ್ ಬಾ" ಎಂದು ಅಟ್ಟಿದಳು.

ಆರಿಸಿ ಬಿಡು, ಆರಿಸಿ ಬಿಡು. ದೇವರಾಜನ ಆಟೋ ಬಂತು, ತುಂಬಿದ್ದು ಕ್ಷಣದಲ್ಲಿ ಖಾಲಿಯಾಯಿತು. ಬಿಸಿಲು ಇಳಿಯಿತು. ಹುಳ ಸಾಕುವ ಅಟ್ಟಣೆಗಳಲ್ಲಿ ಕೊನೆಯದೊಂದರ ಹುಳ ಉಳಿದವು, ಇಡಲು ಏನೂ ಉಳಿಯಲಿಲ್ಲ. ಹಳೆ ಪೇಪರು ಮಡಚಿ ನಿಲ್ಲಿಸಿದರು, ಹುಳದ ಭಾರಕ್ಕೆ ಅದು ಮಲಗಿಬಿಟ್ಟಿತು. ಬೇಡವೆಂದರೂ ಲತಾಮಣಿಯ ಕಣ್ಣಲ್ಲಿ ನೀರು ಬಂತು. ಎಲ್ಲರೂ ಇಷ್ಟು ಮಾಡಿದ ಮೇಲೂ, ಕಣ್ಣೆದುರೇ ಒಂದು ಅಟ್ಟಣೆ ಹಾಳಾಗುವುದನ್ನು ನೋಡುವುದು ಹೇಗೆ?

ಆಗ ಜಗಲಿಯಿಂದ ಅಮೂಲ್ಯಳ ಚೀರಾಟ ಕೇಳಿಸಿತು.

"ಅಮ್ಮಾ! ಚೈತೂ ನನ್ ಪುಸ್ತಕಕ್ಕೆ ಹುಳ ಬುಟ್ಟವ್ನೆ!"

ನಡೆದದ್ದಿಷ್ಟೆ. ಯಾರ ಕಣ್ಣಿಗೂ ಬೀಳದೆ ಚೈತನ್ಯ ಒಂದು ಹುಳ ಎತ್ತಿಕೊಂಡು ಹೋಗಿ, ಅಕ್ಕ ಅರ್ಧ ತೆರೆದು ನಿಲ್ಲಿಸಿದ್ದ ಪುಸ್ತಕದೊಳಗೆ ಬಿಟ್ಟಿದ್ದ, ಬಸ್ಸು ಹತ್ತಿದ ಮೇಕೆಯ ಕಥೆಯಲ್ಲಿ. "ಮೇಕೆ ತೋರುಸ್ದೆ ಅದ್ಕೆ" ಎಂದ. ಅಮೂಲ್ಯ ಕೈ ಎತ್ತಿದಳು, ಏಟು ಬೀಳಬೇಕು. ಕೈ ಅಲ್ಲೇ ನಿಂತಿತು. ಹುಳ ಎರಡು ಹಾಳೆಗಳ ನಡುವಿನ ಮೂಲೆ ಸೇರಿ, ತಲೆ ಆಡಿಸಿ ಆಡಿಸಿ, ಆ ಹಾಳೆಯಿಂದ ಈ ಹಾಳೆಗೆ ನೂಲು ಎಳೆಯುತ್ತಿತ್ತು.

ಅಮೂಲ್ಯ ಓಡಿಬಂದ ಅಮ್ಮನ ಮುಖ ನೋಡಿದಳು. ಹುಳ ನೋಡಿದಳು. ಆಮೇಲೆ ಒಳಗೆ ಓಡಿದಳು. ಬರುವಾಗ ಗಲ್ಲದವರೆಗೂ ಪುಸ್ತಕ.

"ಬೇಡ ಕಣೆ" ಎಂದಳು ಲತಾಮಣಿ. "ಹುಳ ಗೂಡಿಗೆ ಕೂರೋ ಮುಂಚೆ ಉಚ್ಚೆ ಮಾಡ್ತಾವೆ. ಕಲೆ ಆಯ್ತದೆ. ಹಾಳೆಗೆ ನೂಲು ಅಂಟ್ಕಂಡ್ರೆ ಬಿಡಾಕಿಲ್ಲ. ಪುಸ್ತಕ ಎಲ್ಲಾ ಹಾಳಾಯ್ತವೆ ಕಂದ."

"ಗೊತ್ತು" ಎಂದಳು ಅಮೂಲ್ಯ. ಪುಸ್ತಕದ ರಾಶಿಯನ್ನು ಅಮ್ಮನ ಕಡೆ ಚಾಚಿದಳು. "ಹುಳ ಕೊಟ್ಟಿದ್ದೇ ಅಲ್ವಾ ಅಮ್ಮ ಇವೆಲ್ಲಾ? ಈಗ ಅವ್ಕೆ ಮನೆ ಇಲ್ವಲ್ಲ. ಬೇಗ ಇಡು, ಇಲ್ದಿದ್ರೆ ನನ್ ಮನ್ಸು ಬದ್ಲಾಗ್ಬುಡ್ತದೆ!"

ಎಂಥಾ ಮಾತು! ಬೀದಿಯ ಜನವೆಲ್ಲ ಗೊಳ್ಳೆಂದು ನಕ್ಕರು, ಲತಾಮಣಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ದಪ್ಪ ರಟ್ಟಿನ ಪುಸ್ತಕಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ಗಟ್ಟಿಯಾಗಿ ನಿಂತವು. ಸಿದ್ಧಾರ್ಥ ಮನೆಗೆ ಓಡಿ ತನ್ನ ಹೋದ ವರ್ಷದ ಪಠ್ಯಪುಸ್ತಕ ತಂದ. ಅದನ್ನು ನೋಡಿ ಉಳಿದ ಮಕ್ಕಳೂ ಓಡಿದರು. ಹೊತ್ತು ಮುಳುಗುವ ಹೊತ್ತಿಗೆ ಅಟ್ಟಣೆಯ ಮೇಲೆ ಒಂದು ಹುಳವೂ ಉಳಿದಿರಲಿಲ್ಲ. ನೆಲದ ತುಂಬ ನಿಂತ ಪುಸ್ತಕಗಳು, ಹಾಳೆ ಹಾಳೆಯಲ್ಲೂ ಹುಳಗಳು. ದೇವರಾಜ ಹೆಂಡತಿಯ ಪಕ್ಕ ಕುಸಿದು ಕೂತು ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ.

ಕಾಫಿ ಬಂತು. ಜನ ಹೊರಟರೂ ಮಕ್ಕಳು ಹೊರಡಲಿಲ್ಲ.

"ಅತ್ತೆ, ಇವತ್ತು ಕಥೆ ಇಲ್ವಾ?" ಎಂದ ಸಿದ್ಧಾರ್ಥ.

ಲತಾಮಣಿ ಬರಿಗೈ ತೋರಿಸಿದಳು. ಅಷ್ಟರಲ್ಲಿ ಅಮೂಲ್ಯ ಹುಳದ ಮನೆಯ ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿ, ನಿಂತ ಪುಸ್ತಕದ ಸಂದಿಗೆ ಕಣ್ಣಿಟ್ಟಿದ್ದಳು.

"ಕಾಣ್ತದೆ! ಅಮ್ಮಾ, ಅಕ್ಷರ ಕಾಣ್ತವೆ! ಬೇಗ ಬನ್ನಿ, ಹುಳ ಮುಚ್ಚಾಕ್ಬುಡ್ತದೆ!"

ಗೂಡು ಮುಗಿಯಲು ದಿನಗಳೇ ಬೇಕೆಂದು ಲತಾಮಣಿಗೆ ಗೊತ್ತು. ಆದರೂ ಅವಳಿಗೂ ಅವಸರ ಹತ್ತಿತು. ಮಕ್ಕಳ ಸಾಲಿನಲ್ಲಿ ತಾನೂ ದಬಾರನೆ ನೆಲಕ್ಕೊರಗಿ, ಹುಳಕ್ಕೆ ಉಸಿರು ತಾಕದಂತೆ ಬಾಯಿಗೆ ಸೆರಗು ಹಿಡಿದು, ಪಿಸುದನಿಯಲ್ಲಿ ಓದತೊಡಗಿದಳು. ಮೇಕೆ ಬಸ್ಸು ಹತ್ತಿತು. ಕಂಡಕ್ಟರ್ ಟಿಕೆಟ್ ಕೇಳಿದ. ಮೇಕೆ ಟಿಕೆಟ್ಟನ್ನೇ ತಿಂದಿತು. ಮುಂದಿನ ಸಾಲಿನ ಮೇಲೆ ಒಂದು ಹುಳ ಬೆಳ್ಳನೆಯ ಜಾಲ ಹಾಸುತ್ತಿತ್ತು. "ಓದು, ಓದು!" ಎಂದು ಮಕ್ಕಳು ಪಿಸುದನಿಯಲ್ಲೇ ಅವಸರಿಸಿದರು. ಅರ್ಧ ಪದ ಕಂಡಿತು, ಕಾಲು ಪದ ಕಂಡಿತು. ಆಮೇಲೆ ಹುಳ ಅಲ್ಲೇ ಅಡ್ಡ ಮಲಗಿತು.

"ಆಮೇಲೇನಾಯ್ತೇ?" ಎಂದು ಹಿಂದಿನಿಂದ ದನಿ. ನೋಡಿದರೆ ಚಿನ್ನಮ್ಮನೂ ಮಂಡಿಯೂರಿ ಬಗ್ಗಿದ್ದಾಳೆ!

ಲತಾಮಣಿಗೆ ಆ ಕಥೆ ಬಾಯಿಪಾಠ. ಹೇಳಲು ಬಾಯಿ ತೆರೆದಳು. ಅಮೂಲ್ಯ ಅಮ್ಮನ ಬಾಯಿಗೆ ಕೈ ಅಡ್ಡ ಹಿಡಿದಳು.

"ಹೇಳ್ಬೇಡ ಅಮ್ಮ. ಗೂಡು ಬಿಡ್ಸೋ ದಿನ ಎಲ್ರೂ ಬರ್ಲಿ." ಅವಳು ಸಿದ್ಧಾರ್ಥನ ಕಡೆ ತಿರುಗಿದಳು. "ಅವತ್ತು ನೀನೇ ಹಿಡ್ಕೊಂಡು ಓದ್ಬೇಕು ಕಣೋ. ಕಲೆ ಆಗಿರ್ತದೆ, ಬೇಜಾರ್ ಮಾಡ್ಕೊಬ್ಯಾಡ."